ಆಪತ್ಕಾಲದ ಚಾಕು ಮತ್ತು ಮಲ್ಟಿಟೂಲ್

ಪ್ರವಾಹ, ಭೂಕುಸಿತ, ಭೂಕಂಪ, ವಾಹನಾಪಘಾತ, ಕಾಡಿನಲ್ಲಿ ದಾರಿ ತಪ್ಪುವುದು, ನಡುಗಡಲಲ್ಲಿ ಹಡಗು ಬಿಟ್ಟಿಳಿಯುವುದು ಮೊದಲಾದ ಸಂದರ್ಭಗಳಿಗೆಂದು ಮುಂಚೆಯೇ ಕಟ್ಟಿಟ್ಟ ಚೀಲದಲ್ಲಿ ಸೇರುವ ಕೊಯ್ಯುವ ಸಾಧನಗಳು. ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮಡಚಲು ಬಾರದ, ಒರೆಯಲ್ಲಿಟ್ಟು ಒಯ್ಯುವ ಸ್ಥಿರ ಅಲಗಿನ ಚಾಕು ಮೊದಲನೆಯದು. ಅಲಗು ಹಿಡಿಯೊಳಗೆ ಸೇರಿಕೊಳ್ಳುವ ಮಡಚು ಚಾಕು ಎರಡನೆಯದು. ಇಕ್ಕಳದ ಎರಡು ಹಿಡಿಗಳೊಳಗೆ ಚಾಕು, ಗರಗಸ, ಅರ, ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಕ್ಕೆ ಇತ್ಯಾದಿ ಅಡಗಿರುವ ಮಲ್ಟಿಟೂಲ್ ಮೂರನೆಯದು. ಭಾರತದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಪ್ರತಿ ಮನೆಯಲ್ಲೂ ಇರಲಿ ಎಂದು ಸೂಚಿಸುವ ತುರ್ತು ಚೀಲದ ಪಟ್ಟಿಯಲ್ಲಿ ಟಾರ್ಚು, ರೇಡಿಯೊ, ಔಷಧಿ, ಕ್ಲೋರಿನ್ ಮಾತ್ರೆ, ದಪ್ಪ ಹಗ್ಗಗಳ ಜೊತೆಗೆ ಚಾಕುವೂ ಡಬ್ಬಿ ತೆರೆಯುವ ಸಾಧನವೂ ಇವೆ. ಎಂಥ ಚಾಕು ಎಂಬುದನ್ನು ಮಾತ್ರ ಕೊಳ್ಳುವವರೇ ತೀರ್ಮಾನಿಸಬೇಕು.

ಅಂಗಡಿಗಳು ಈ ತೀರ್ಮಾನವನ್ನು ಸುಲಭಗೊಳಿಸುವುದಿಲ್ಲ. ‘ಸರ್ವೈವಲ್’ ಎಂಬ ಹಣೆಪಟ್ಟಿ ಹೊತ್ತು ಮಾರಾಟವಾಗುವ ಚಾಕುಗಳಲ್ಲಿ ಹೆಚ್ಚಿನವು ಕಾಳಗದ ಕಲ್ಪನೆಯಿಂದ ಹುಟ್ಟಿದವು: ಕಪ್ಪು ಬಣ್ಣ, ಬೆನ್ನಿಗೆ ದೊಡ್ಡ ಹಲ್ಲು, ಇಬ್ಬದಿಯ ಮೊನೆ. ಆಪತ್ತಿನಲ್ಲಿ ಸಿಕ್ಕಿಕೊಂಡವನ ಮುಂದೆ ನಿಜವಾಗಿ ಬರುವ ಕೆಲಸಗಳು ಬೇರೆ. ನೆರೆನೀರು ಕೊಟ್ಟಿಗೆಗೆ ನುಗ್ಗಿದಾಗ ನೆನೆದು ಬಿಗಿದ ನೈಲಾನ್ ಗಂಟನ್ನು ಬಿಚ್ಚಲಾಗದೆ ದನದ ಕಣ್ಣಿಯನ್ನು ಕತ್ತರಿಸಬೇಕಾಗುತ್ತದೆ. ಟಾರ್ಪಾಲು ಸೀಳಬೇಕು, ಸೀಟ್‌ಬೆಲ್ಟ್ ಕೊಯ್ಯಬೇಕು, ತಂತಿ ತುಂಡರಿಸಬೇಕು, ಡಬ್ಬಿ ತೆರೆಯಬೇಕು, ಒದ್ದೆ ಕಟ್ಟಿಗೆಯ ಒಳಗಿನ ಒಣ ಭಾಗವನ್ನು ಸಿಪ್ಪೆಯಾಗಿ ಕೆತ್ತಿ ಬೆಂಕಿ ಹೊತ್ತಿಸಬೇಕು. ಇವೆಲ್ಲಕ್ಕೂ ಬೇಕಾದುದು ಹರಿತ, ಕೈಗೆ ಒಗ್ಗುವ ಹಿಡಿ ಮತ್ತು ಮುರಿಯದ ಕೀಲು. ಇಲ್ಲಿ ಚೂರಿಗಿಂತ ಅಡುಗೆಮನೆಯ ಚಾಕುವೇ ಹತ್ತಿರದ ನೆಂಟ.

ಹಿನ್ನೆಲೆ

ಈ ವಾದ ಹೊಸತಲ್ಲ. ‘ನೆಸ್ಮುಕ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರ ತನ್ನ ‘ವುಡ್‌ಕ್ರಾಫ್ಟ್’ ಪುಸ್ತಕದಲ್ಲಿ, ಆಗ ಮಾರುಕಟ್ಟೆಯಲ್ಲಿದ್ದ ದಪ್ಪ ಬೇಟೆಚಾಕುಗಳನ್ನು ಕೆಲಸಕ್ಕೆ ಬಾರದವೆಂದು ತಳ್ಳಿಹಾಕಿದ್ದ. ಸಣ್ಣ ಕೊಡಲಿ, ತೆಳ್ಳನೆಯ ಅಲಗಿನ ಸ್ಥಿರ ಚಾಕು, ಜೇಬಿನ ಮಡಚು ಚಾಕು ಇವು ಮೂರೂ ಜೊತೆಗಿದ್ದರೆ ಕಾಡಿನಲ್ಲಿ ಸಾಕು ಎಂಬುದು ಅವನ ಲೆಕ್ಕ. ಭಾರದ ಹೊಡೆತ ಕೊಡಲಿಗೆ, ನಯದ ಕೊಯ್ತ ಚಾಕುವಿಗೆ ಎಂಬ ಈ ಹಂಚಿಕೆ ಇಂದಿಗೂ ಹಳತಾಗಿಲ್ಲ. ಒಂದೇ ಅಲಗಿನಿಂದ ಮರವನ್ನೂ ಉರುಳಿಸಬೇಕು, ಮೀನನ್ನೂ ಸೀಳಬೇಕು ಎಂದು ಹೊರಟ ಚಾಕುಗಳು ಎರಡನ್ನೂ ಅರೆಬರೆಯಾಗಿ ಮಾಡುತ್ತವೆ.

ಅದೇ 1884ರಲ್ಲಿ ಸ್ವಿಟ್ಜರ್ಲೆಂಡಿನ ಶ್ವಿಜ್ ಪ್ರಾಂತದ ಈಬಾಖ್‌ನಲ್ಲಿ ಕಾರ್ಲ್ ಎಲ್ಸೆನರ್ ಚಾಕು ಮಾಡುವ ಕಮ್ಮಟ ತೆರೆದ. ಸ್ವಿಸ್ ಸೈನ್ಯಕ್ಕೆ ಹೊಸ ಶ್ಮಿಟ್–ರೂಬಿನ್ ಬಂದೂಕನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕಿತ್ತು, ಡಬ್ಬಿಯ ಆಹಾರ ತೆರೆಯಲು ಕೊಕ್ಕೆಯೂ ಬೇಕಿತ್ತು. ಇವೆರಡಕ್ಕೆ ಅಲಗು ಮತ್ತು ತೂತು ಕೊರೆಯುವ ಮೊನೆ ಸೇರಿ ‘1890ರ ಮಾದರಿ’ಯ ಸೈನಿಕ ಚಾಕು ರೂಪುಗೊಂಡಿತು. ಅಷ್ಟು ದೊಡ್ಡ ಬೇಡಿಕೆ ಪೂರೈಸುವ ಶಕ್ತಿ ಸ್ವಿಸ್ ಕಮ್ಮಟಗಳಿಗೆ ಆಗ ಇರಲಿಲ್ಲವಾದ್ದರಿಂದ ಮೊದಲ 15,000 ಚಾಕುಗಳನ್ನು ಜರ್ಮನಿಯ ಜೋಲಿಂಗೆನ್ ನಗರದ ವೆಸ್ಟರ್ ಕಂಪನಿ ಮಾಡಿಕೊಟ್ಟಿತು. ಎಲ್ಸೆನರ್ 1891ರಲ್ಲಿ ಪೂರೈಕೆ ಆರಂಭಿಸಿದ; 1897ರಲ್ಲಿ ಹೆಚ್ಚು ಹಗುರವಾದ, ಹೆಚ್ಚು ಸಾಧನಗಳುಳ್ಳ ಅಧಿಕಾರಿಗಳ ಚಾಕುವನ್ನು ನೋಂದಾಯಿಸಿದ. ಇಂದು ಲೋಕವೆಲ್ಲ ಸ್ವಿಸ್ ಚಾಕು ಎಂದು ಗುರುತಿಸುವುದು ಇದರ ಸಂತತಿಯನ್ನು. ಅವನ ತಾಯಿಯ ಹೆಸರು ವಿಕ್ಟೋರಿಯಾ. ಅದಕ್ಕೆ ತುಕ್ಕು ಹಿಡಿಯದ ಉಕ್ಕಿನ ಸಂಕೇತವಾದ ‘ಇನಾಕ್ಸ್’ ಸೇರಿ 1921ರಲ್ಲಿ ಕಂಪನಿಯ ಹೆಸರು ವಿಕ್ಟೋರಿನಾಕ್ಸ್ ಆಯಿತು.

ಇಕ್ಕಳ ಕೇಂದ್ರವಾಗಿರುವ ಮಲ್ಟಿಟೂಲ್ ಬಂದದ್ದು ಬಹಳ ತಡವಾಗಿ. ಅಮೆರಿಕದ ಆರೆಗನ್ ರಾಜ್ಯದ ಮೆಕ್ಯಾನಿಕಲ್ ಎಂಜಿನಿಯರ್ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯೊಡನೆ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪು ಸುತ್ತುತ್ತಿದ್ದ. ಕಾರು ಕೈಕೊಟ್ಟಾಗ, ಹೋಟೆಲಿನ ನಲ್ಲಿ ಸೋರಿದಾಗ ಜೇಬಿನ ಚಾಕು ಸಾಲದೆ ಇಕ್ಕಳವಿಲ್ಲದ ಕೊರತೆ ಕಾಡಿತು. ಊರಿಗೆ ಮರಳಿ ವರ್ಷಗಟ್ಟಲೆ ಮಾದರಿಗಳನ್ನು ಮಾಡಿ 1980ರಲ್ಲಿ ಪೇಟೆಂಟ್ ಪಡೆದ. ಚಾಕು ಕಂಪನಿಗಳು ಇದು ಚಾಕುವಲ್ಲ, ಸಲಕರಣೆ ಎಂದವು; ಸಲಕರಣೆ ಕಂಪನಿಗಳು ಇದು ನಮ್ಮ ಸರಕಲ್ಲ ಎಂದವು. ಕೊನೆಗೆ ಗೆಳೆಯ ಸ್ಟೀವ್ ಬರ್ಲಿನರ್ ಜೊತೆ ತಾನೇ ಕಂಪನಿ ಕಟ್ಟಿ 1983ರಲ್ಲಿ ‘ಪಾಕೆಟ್ ಸರ್ವೈವಲ್ ಟೂಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟ. ಹೆಸರಿನಲ್ಲಿ ‘ಸರ್ವೈವಲ್’ ಇದ್ದರೂ ಅದು ರಿಪೇರಿಗೆಂದು ಹುಟ್ಟಿದ ಸಾಧನ. ಅದರ ಯಶಸ್ಸಿಗೂ ಅದೇ ಕಾರಣ ಎನ್ನಬೇಕು.

ಇದಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿ ಜನರ ಅಭಿರುಚಿಯನ್ನು ತಿರುಗಿಸಿದ್ದು ಸಿನಿಮಾ. 1982ರ ‘ಫಸ್ಟ್ ಬ್ಲಡ್’ ಚಿತ್ರದ ರ್‍ಯಾಂಬೊ ಪಾತ್ರಕ್ಕೆ ಆರ್ಕನ್ಸಾದ ಚಾಕುಗಾರ ಜಿಮ್ಮಿ ಲೈಲ್ ಪೊಳ್ಳು ಹಿಡಿಯ, ಬೆನ್ನಿಗೆ ಗರಗಸವಿದ್ದ ಚಾಕುವನ್ನು ಮಾಡಿಕೊಟ್ಟಿದ್ದ. ಲೈಲ್ ಮಾಡಿದ್ದು ಗಟ್ಟಿ ಸಾಮಾನು. ಆದರೆ ಅದನ್ನು ನೋಡಿ ಹುಟ್ಟಿದ ಅಗ್ಗದ ನಕಲುಗಳಲ್ಲಿ ಅಲಗಿನ ಗಿಡ್ಡ ಬಾಲವನ್ನು ಪೊಳ್ಳು ಕೊಳವೆಯ ಬಾಯಿಗೆ ಸಿಕ್ಕಿಸಿ ನಟ್ಟು ಬಿಗಿದಿರುತ್ತಾರೆ. ಹಿಡಿಯೊಳಗೆ ಬೆಂಕಿಕಡ್ಡಿ, ಗಾಳ, ಮುಚ್ಚಳದಲ್ಲಿ ದಿಕ್ಸೂಚಿ ಎಲ್ಲ ಇರುತ್ತವೆ. ಕಟ್ಟಿಗೆಗೆ ಗಟ್ಟಿಯಾಗಿ ಒಂದೇಟು ಕೊಟ್ಟರೆ ಅಲಗೊಂದು ಕಡೆ, ಹಿಡಿಯೊಂದು ಕಡೆ. ನಮ್ಮ ಆನ್‌ಲೈನ್ ಅಂಗಡಿಗಳಲ್ಲಿ ಈ ನಕಲುಗಳ ನಕಲು ಇನ್ನೂ ಕಾಣಸಿಗುತ್ತದೆ.

ಕಡಲು, ಆಕಾಶ, ಕಣಿವೆ

ಬದುಕುಳಿಯುವ ಚಾಕು ಹೇಗಿರಬೇಕೆಂದು ಅಂತಾರಾಷ್ಟ್ರೀಯ ನಿಯಮವೇ ಹೇಳಿರುವ ಒಂದು ಜಾಗವಿದೆ: ಹಡಗುಗಳ ಜೀವರಕ್ಷಕ ತೆಪ್ಪ. ಸಮುದ್ರದಲ್ಲಿ ಜೀವರಕ್ಷಣೆಯ ಒಪ್ಪಂದದಡಿಯ ಸಂಹಿತೆಯ ಪ್ರಕಾರ ಪ್ರತಿ ತೆಪ್ಪದಲ್ಲೂ ಮಡಚದ, ನೀರಿನಲ್ಲಿ ತೇಲುವ ಹಿಡಿಯುಳ್ಳ ಒಂದು ಚಾಕು ಇರಬೇಕು. ಅದು ಚೀಲದ ಒಳಗಲ್ಲ, ತೆಪ್ಪದ ಮೇಲ್ಛಾವಣಿಯ ಹೊರಬದಿಯಲ್ಲಿ, ಹಡಗಿಗೆ ಕಟ್ಟಿರುವ ಹಗ್ಗದ ಬುಡದ ಹತ್ತಿರವೇ ಇರಬೇಕು. ಮುಳುಗುತ್ತಿರುವ ಹಡಗಿನಿಂದ ಆ ಹಗ್ಗವನ್ನು ತಕ್ಷಣ ಕತ್ತರಿಸುವುದೇ ಅದರ ಮೊದಲ ಕೆಲಸ. ಹದಿಮೂರು ಅಥವಾ ಹೆಚ್ಚು ಜನರ ತೆಪ್ಪಕ್ಕೆ ಎರಡನೆಯ ಚಾಕು ಬೇಕು. ಅದು ಮಡಚುವಂಥದಾದರೂ ಆಗಬಹುದು. ಗಾಳಿ ತುಂಬಿದ ರಬ್ಬರು ತೂತಾಗದಂತೆ ಇಂಥ ಚಾಕುಗಳ ಮೊನೆಯನ್ನು ಮೊಂಡಾಗಿಯೋ ದುಂಡಗಾಗಿಯೋ ಮಾಡುವುದು ರೂಢಿ. ಲೈಫ್‌ಬೋಟಿನಲ್ಲಿ ಒಂದೊಂದು ತುದಿಗೆ ಒಂದೊಂದು ಕೈಕೊಡಲಿ, ದೋಣಿಗೆ ದಾರದಿಂದ ಕಟ್ಟಿದ ಮಡಚು ಚಾಕು ಇರುತ್ತವೆ. ಮನೆಯ ಚೀಲ ಕಟ್ಟುವವರೂ ಇದರಿಂದ ಕಲಿಯಬೇಕಾದ್ದಿದೆ. ಕೆಲಸ ಮೊದಲು ಗೊತ್ತಾಗಿರಬೇಕು, ಚಾಕು ಆ ಕೆಲಸ ನಡೆಯುವ ಜಾಗದಲ್ಲೇ ಕೈಗೆ ಸಿಗಬೇಕು, ದಾರ ಕಟ್ಟಿರಬೇಕು. ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿಟ್ಟ ಬೆಲ್ಟ್ ಕೊಯ್ಯುವ ಕತ್ತರಿ ಬೆಲ್ಟಿನಲ್ಲಿ ಸಿಕ್ಕಿಕೊಂಡ ಚಾಲಕನಿಗೆ ಇದ್ದೂ ಇಲ್ಲದಂತೆ.

ವಿಮಾನಚಾಲಕರ ಚಾಕುವಿಗೆ ಬೇರೆಯದೇ ಕಾರಣಗಳಿವೆ. ಅಮೆರಿಕದ ವಾಯುಪಡೆಯ ಐದು ಇಂಚಿನ ಅಲಗಿನ ಚಾಕುವಿನ ಬೆನ್ನಿಗಿರುವ ಹಲ್ಲುಗಳನ್ನು ಕಂಡು ಅದು ಮರ ಕುಯ್ಯಲೆಂದು ಅನೇಕರು ತಿಳಿದಿದ್ದಾರೆ. ಅಪಘಾತಕ್ಕೀಡಾದ ವಿಮಾನದ ಅಲ್ಯುಮಿನಿಯಮ್ ಹೊದಿಕೆಯನ್ನು ಕೊರೆದು ಹೊರಬರಲು ಮಾಡಿದ ಹಲ್ಲುಗಳವು. ಕಟ್ಟಿಗೆಯ ಮೇಲೆ ಅವು ಹಿಡಿದುಕೊಂಡು ನಿಲ್ಲುತ್ತವೆ, ಕುಯ್ಯುವುದಿಲ್ಲ. ಮಾರುಕಟ್ಟೆಯ ಚಾಕುಗಳು ಉದ್ದೇಶವನ್ನು ಬಿಟ್ಟು ಹಲ್ಲನ್ನಷ್ಟೇ ನಕಲು ಮಾಡಿಕೊಂಡವು.

ಬಾಹ್ಯಾಕಾಶ ಯಾನಿಗಳೂ ನೆಲಕ್ಕಿಳಿದ ಮೇಲೆ ಕಾಡಿನಲ್ಲಿ ಸಿಕ್ಕಿಕೊಳ್ಳಬಹುದು. 1965ರ ಮಾರ್ಚ್‌ನಲ್ಲಿ ಸೋವಿಯತ್ ನೌಕೆ ವಸ್ಖೋದ್–2 ಗುರಿ ತಪ್ಪಿ ಹಿಮ ತುಂಬಿದ ಕಾಡಿನಲ್ಲಿ ಇಳಿದು, ಅಲೆಕ್ಸೆಯ್ ಲಿಯೊನೊವ್ ಮತ್ತು ಪಾವೆಲ್ ಬೆಲ್ಯಾಯೆವ್ ಎರಡು ರಾತ್ರಿ ಅಲ್ಲೇ ಕಳೆಯಬೇಕಾಯಿತು. ಮುಂದೆ ಸೋವಿಯತ್ ಯಾನಿಗಳಿಗೆಂದು ರೂಪಿಸಿದ ಮೂರು ನಳಿಗೆಯ ಟಿಪಿ–82 ಪಿಸ್ತೂಲಿನ ಹಿಂಬದಿಯ ಆಸರೆಯನ್ನು ಕಳಚಿದರೆ ಅದೇ ಮಚ್ಚಾಗುತ್ತಿತ್ತು. 1995ರಲ್ಲಿ ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ಮೀರ್ ನಿಲ್ದಾಣಕ್ಕೆ ಹೋದಾಗ, ಬಿಗಿಯಾಗಿ ಕಟ್ಟಿ ಭದ್ರಪಡಿಸಿದ್ದ ಬಾಗಿಲು ತೆರೆಯಲು ನೆರವಾದದ್ದು ಸ್ವಿಸ್ ಚಾಕು.

ಈ ವಿಷಯದಲ್ಲಿ ಎಲ್ಲರೂ ಹೇಳುವ ಪ್ರಸಂಗ ಆರನ್ ರಾಲ್ಸ್ಟನ್‌ನದು. 2003ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಯೂಟಾದ ಬ್ಲೂಜಾನ್ ಕಣಿವೆಯಲ್ಲಿ ಬಂಡೆ ಉರುಳಿ ಅವನ ಬಲಗೈ ಸಿಕ್ಕಿಕೊಂಡಿತು. ಅವನ ಬಳಿ ಇದ್ದದ್ದು ಟಾರ್ಚಿನೊಂದಿಗೆ ಉಚಿತವಾಗಿ ಕೊಡುವಂಥ ಅಗ್ಗದ ಮಲ್ಟಿಟೂಲ್. ಬಂಡೆಯನ್ನು ಕೆರೆದು ಕೆರೆದು ಅದರ ಅಲಗು ಮೊಂಡಾಯಿತು. ಕೊನೆಗೆ ಬಂಡೆಯ ಬಿಗಿತವನ್ನೇ ಬಳಸಿ ಮೂಳೆಗಳನ್ನು ಮುರಿದುಕೊಂಡು, ಅದೇ ಸಾಧನದ ಚಾಕು ಮತ್ತು ಇಕ್ಕಳದಿಂದ ಮುಂಗೈಯನ್ನು ಕತ್ತರಿಸಿಕೊಂಡು ಪಾರಾದ. ಎ. ಆರ್. ರೆಹಮಾನ್ ಸಂಗೀತವಿರುವ ‘127 ಅವರ್ಸ್’ (2010) ಚಿತ್ರ ಇದೇ ಕಥೆ. ಒಳ್ಳೆಯ ಚಾಕು ಒಯ್ಯಿರಿ ಎನ್ನಲು ಈ ಪ್ರಸಂಗವನ್ನು ಬಳಸುತ್ತಾರೆ. ಅದು ಸರಿಯೇ, ಆದರೆ ಎಲ್ಲಿಗೆ ಹೋಗುತ್ತಿದ್ದೇನೆಂದು ಅವನು ಯಾರಿಗೂ ಹೇಳಿರಲಿಲ್ಲ. ಚಾಕುವಿನ ಕೊರತೆಗಿಂತ ಅದು ದೊಡ್ಡ ಕೊರತೆ.

ಸ್ಥಿರ ಅಲಗಿನ ಚಾಕು

ಕೀಲಿಲ್ಲದ್ದರಿಂದ ಸಡಿಲವಾಗುವ, ಕೈಮೇಲೆ ಮಡಚಿಕೊಳ್ಳುವ ಭಯ ಇದಕ್ಕಿಲ್ಲ. ಒದ್ದೆ ಕೈಯಲ್ಲಿ, ಕತ್ತಲಲ್ಲಿ ಒರೆಯಿಂದ ಎಳೆದರೆ ಸಾಕು. ಸಾಮಾನ್ಯ ಬಳಕೆಗೆ ಹತ್ತರಿಂದ ಹನ್ನೆರಡು ಸೆಂಟಿಮೀಟರ್ ಅಲಗು, ಬೆನ್ನಿನಲ್ಲಿ ಮೂರು ಮಿಲಿಮೀಟರ್ ಆಸುಪಾಸಿನ ದಪ್ಪ ಸಾಕು. ಮೊದಲು ನೋಡಬೇಕಾದ್ದು ಹಿಡಿಯೊಳಗೆ ಅಲಗಿನ ಉಕ್ಕು ಎಷ್ಟು ದೂರ ಹೋಗಿದೆ ಎಂಬುದನ್ನು. ಹಿಡಿಯಷ್ಟೇ ಅಗಲವಾಗಿ ಕೊನೆಯವರೆಗೂ ಉಕ್ಕು ಸಾಗಿ, ಇಬ್ಬದಿಗೆ ಮರದ ಅಥವಾ ಪ್ಲಾಸ್ಟಿಕ್ಕಿನ ತುಂಡು ರಿವೆಟ್ ಮಾಡಿದ್ದರೆ ಅದು ಎಲ್ಲಕ್ಕಿಂತ ಗಟ್ಟಿ. ಬೆನ್ನು ಚೌಕಾಕಾರದ ಚೂಪು ಅಂಚುಳ್ಳದ್ದಾದರೆ ಫೆರೊಸೀರಿಯಂ ಕಡ್ಡಿಯನ್ನು ಗೀರಿ ಕಿಡಿ ಹಾರಿಸಲು ಅನುಕೂಲ. ಬಾಯಿಗೆ ಒಂದೊಂದು ಬದಿಗೆ ಇಪ್ಪತ್ತು ಡಿಗ್ರಿ ಆಸುಪಾಸಿನ ಕೋನವಿದ್ದರೆ ಹರಿತವೂ ಇರುತ್ತದೆ, ಬೇಗ ಚಕ್ಕೆಯೂ ಏಳುವುದಿಲ್ಲ.

ಸ್ವೀಡನ್ನಿನ ಮೊರಾ ಪ್ರದೇಶದ ಚಾಕುಗಳು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಓಸ್ಟ್‌ನೊರ್ ಹಳ್ಳಿಯಲ್ಲಿ 1891ರಿಂದ ಬೆಳೆದುಬಂದ ಕಾರ್ಖಾನೆಯ ‘ಕಂಪ್ಯಾನಿಯನ್’ ಚಾಕುವಿಗೆ ಹಿಡಿ ಪ್ಲಾಸ್ಟಿಕ್ಕಿನದು, ಒರೆಯೂ ಪ್ಲಾಸ್ಟಿಕ್ಕಿನದು, ಅಲಗು ಎರಡೂವರೆ ಮಿಲಿಮೀಟರ್ ದಪ್ಪ; ಉಕ್ಕು ಹಿಡಿಯ ತುದಿಯವರೆಗೂ ಹೋಗುವುದಿಲ್ಲ. ನೋಡಲು ತೀರ ಸಾಧಾರಣ. ಆದರೂ ಕಾಡಿನ ಬದುಕನ್ನು ಕಲಿಸಿದ ಕೆನಡಾದ ಮೋರ್ಸ್ ಕೊಚಾನ್ಸ್ಕಿಯಂಥವರು ಇಂಥ ಸರಳ ಚಾಕುವನ್ನೇ ಮೆಚ್ಚಿದರು. ಕೈಗೆ ಬಂದಾಗಲೇ ಹರಿತವಾಗಿರುತ್ತದೆ, ಮತ್ತೆ ಮಸೆಯುವುದು ಸುಲಭ.

ಕರ್ನಾಟಕದ ಹಳ್ಳಿಯ ಮನೆಗಳಲ್ಲಿ, ಮಲೆನಾಡು ಮತ್ತು ಕರಾವಳಿಯಲ್ಲಂತೂ, ಈ ಪ್ರಶ್ನೆಗೆ ಅರ್ಧ ಉತ್ತರ ಆಗಲೇ ಗೋಡೆಯಲ್ಲಿ ನೇತಾಡುತ್ತಿರುತ್ತದೆ. ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ತೋಟಕ್ಕೆ ಒಯ್ಯುವ ಕತ್ತಿ, ಸೌದೆ ಸೀಳುವ ಮಚ್ಚು ಇವು ನಾಲ್ಕು ತಲೆಮಾರಿನ ಕೆಲಸದಲ್ಲಿ ತಿದ್ದಿಕೊಂಡು ಬಂದ ಆಕಾರಗಳು. ಮಳೆಗಾಲದಲ್ಲಿ ರಸ್ತೆಗೆ ಅಡ್ಡಬಿದ್ದ ಕೊಂಬೆಯನ್ನು ತೆರವು ಮಾಡಲು ಯಾವ ವಿದೇಶಿ ಚಾಕುವೂ ಇವಕ್ಕೆ ಸಾಟಿಯಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಕಮ್ಮಾರ ಮಾಡಿಕೊಟ್ಟ ಮಚ್ಚು ಒಳ್ಳೆಯ ಉಕ್ಕಿನದೇ, ಹದ ಮಾತ್ರ ಸರಿಯಾಗಿ ಬಿದ್ದಿರಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಲೂ, ಮರುವರ್ಷ ಕೃಷ್ಣಾ ತೀರದ ಹಳ್ಳಿಗಳಿಗೆ ನೀರು ನುಗ್ಗಿದಾಗಲೂ ಮನೆ ಬಿಟ್ಟು ಓಡಿದವರಿಗೆ ಗಂಟುಮೂಟೆ ಕಟ್ಟಲು ಪುರುಸೊತ್ತಿರಲಿಲ್ಲ. ಆದ್ದರಿಂದ ಮಚ್ಚು ಮನೆಯಲ್ಲಿರಲಿ, ಚೀಲದಲ್ಲಿ ಬೇರೆಯದೇ ಸಣ್ಣ ಚಾಕು ಇರಲಿ. ದಿನಬಳಕೆಯ ಚಾಕುವನ್ನೇ ಆ ಹೊತ್ತಿಗೆ ಎತ್ತಿಕೊಂಡರಾಯಿತು ಎಂಬ ಲೆಕ್ಕ ಹೆಚ್ಚಾಗಿ ತಪ್ಪುತ್ತದೆ.

ಉಕ್ಕು

ಉಕ್ಕಿನ ಹೆಸರುಗಳ ಚರ್ಚೆಗೆ ಕೊನೆಯಿಲ್ಲ. ಆಪತ್ಕಾಲದ ಚೀಲಕ್ಕೆ ಅದರಲ್ಲಿ ತಿಳಿಯಬೇಕಾದ್ದು ಸ್ವಲ್ಪವೇ. 1095ರಂಥ ಕಾರ್ಬನ್ ಉಕ್ಕಿನಲ್ಲಿ ಶೇಕಡ 0.95ರಷ್ಟು ಇಂಗಾಲವಿರುತ್ತದೆ, ಸುಲಭವಾಗಿ ಹರಿತವಾಗುತ್ತದೆ, ಆದರೆ ಮಳೆಗಾಲದ ತೇವದಲ್ಲಿ ರಾತ್ರಿ ಕಳೆಯುವುದರೊಳಗೆ ತುಕ್ಕು ಕಾಣಿಸುತ್ತದೆ. ಶೇಕಡ 13ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಕ್ರೋಮಿಯಂ ಸೇರಿದ ಸ್ಟೇನ್‌ಲೆಸ್ ಉಕ್ಕು ತುಕ್ಕನ್ನು ತಡೆಯುತ್ತದೆ. ದಿನವೂ ಬಳಸಿ ಒರೆಸಿಡುವ ಚಾಕು ಕಾರ್ಬನ್ ಉಕ್ಕಿನದಾಗಿರಲಿ. ವರ್ಷಗಟ್ಟಲೆ ಚೀಲದಲ್ಲಿ ಮಲಗಿರುವುದು ಸ್ಟೇನ್‌ಲೆಸ್ಸೇ ಆಗಿರಬೇಕು. ಗಡಸುತನವನ್ನು ರಾಕ್‌ವೆಲ್ ಮಾನದಲ್ಲಿ ಅಳೆಯುತ್ತಾರೆ. ಸ್ವಿಸ್ ಚಾಕುವಿನ ಅಲಗು ಸುಮಾರು 56. ಅರವತ್ತನ್ನು ದಾಟಿದ ದುಬಾರಿ ಉಕ್ಕುಗಳು ಹರಿತವನ್ನು ಬಹುಕಾಲ ಹಿಡಿದಿಡುತ್ತವೆ ನಿಜ; ಒಮ್ಮೆ ಮೊಂಡಾದರೆ ನದಿಯ ಕಲ್ಲಿನ ಮೇಲೆ ಮಸೆದು ಸರಿಪಡಿಸಲಾಗದು. ಆಪತ್ತಿನಲ್ಲಿ ಬೇಗ ಮೊಂಡಾಗಿ ಬೇಗ ಹರಿತವಾಗುವ ಉಕ್ಕೇ ಮೇಲು.

ಹಲ್ಲಿನ ಅಲಗು ನೈಲಾನ್ ಹಗ್ಗ, ಬೆಲ್ಟುಗಳನ್ನು ಚೆನ್ನಾಗಿ ಕೊಯ್ಯುತ್ತದೆ, ಕಟ್ಟಿಗೆ ಕೆತ್ತಲು ಆಗದು, ಮಸೆಯಲು ವಿಶೇಷ ಕಡ್ಡಿ ಬೇಕು. ಒಂದೇ ಅಲಗಿನಲ್ಲಿ ಅರ್ಧ ಹಲ್ಲು, ಅರ್ಧ ನುಣುಪು ಇರುವ ರಾಜಿಯಲ್ಲಿ, ಕೆತ್ತಲು ಹೆಚ್ಚು ಬಲ ಸಿಗುವ ಹಿಡಿಯ ಪಕ್ಕದ ಜಾಗವನ್ನೇ ಹಲ್ಲು ಆಕ್ರಮಿಸಿರುತ್ತದೆ.

ಮಡಚು ಚಾಕು

ಅಲಗನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಡುವ ಬಗೆಯೇ ಇಲ್ಲಿ ಮುಖ್ಯ. ಚಿಕ್ಕ ಸ್ವಿಸ್ ಚಾಕುಗಳಲ್ಲಿ ಬರೀ ಸ್ಪ್ರಿಂಗಿನ ಒತ್ತಡ ಇರುತ್ತದೆ, ಲಾಕ್ ಇರುವುದಿಲ್ಲ. ಚುಚ್ಚುವ ಕೆಲಸಕ್ಕೆ ಅದನ್ನು ಬಳಸಿದರೆ ಬೆರಳಿಗೆ ಅಪಾಯ. ಫ್ರಾನ್ಸಿನ ಸವೊಯ್ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮರದ ಹಿಡಿಯ ಚಾಕುವಿಗೆ 1955ರಲ್ಲಿ ತಿರುಗುವ ಲೋಹದ ಬಳೆಯೊಂದು ಸೇರಿ ಅಲಗು ಭದ್ರವಾಯಿತು. ಇಷ್ಟು ಸರಳವಾದ ಲಾಕ್ ಇನ್ನೊಂದಿಲ್ಲ. ಆದರೆ ಮಳೆಯಲ್ಲಿ ಮರ ಉಬ್ಬಿದರೆ ಅಲಗನ್ನು ತೆರೆಯುವುದೇ ಕಷ್ಟವಾಗುತ್ತದೆ. ಕೈಗೆ ಪೆಟ್ಟಾದಾಗ ಒಂದೇ ಕೈಯಲ್ಲಿ ತೆರೆಯಲು ಬರುವುದು ದೊಡ್ಡ ಅನುಕೂಲ. ಸ್ವಿಸ್ ಸೈನ್ಯ 2008ರಲ್ಲಿ ಆರಿಸಿದ ಹೊಸ ಸೈನಿಕ ಚಾಕು ಒಂದೇ ಕೈಯಲ್ಲಿ ತೆರೆಯುವಂಥದು, ಲಾಕ್ ಇರುವಂಥದು, ಗರಗಸವೂ ಉಳ್ಳದ್ದು.

ಮಲ್ಟಿಟೂಲ್

ಕೊಳ್ಳುವಾಗ ಸಾಧನಗಳ ಸಂಖ್ಯೆಯನ್ನು ಎಣಿಸುವುದು ಎಲ್ಲರೂ ಮಾಡುವ ಕೆಲಸ. ಮಾರುವವರೂ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ನೋಡಬೇಕಾದ್ದು ಇಕ್ಕಳವನ್ನು. ಮಲ್ಟಿಟೂಲಿನ ಉಳಿದ ಬಹುಪಾಲು ಕೆಲಸಗಳಿಗೆ ಹೇಗೋ ಬದಲಿ ದಾರಿ ಸಿಗುತ್ತದೆ. ಬಿಸಿ ಪಾತ್ರೆ ಎತ್ತುವುದು, ತಂತಿ ಸುತ್ತಿ ಮುರಿದದ್ದನ್ನು ಬಿಗಿಯುವುದು, ಅಂಗಾಲಿಗೆ ಹೊಕ್ಕ ಮುಳ್ಳನ್ನೋ ಗಾಳವನ್ನೋ ಹಿಡಿದೆಳೆಯುವುದು, ತುಕ್ಕು ಹಿಡಿದ ನಟ್ಟು ತಿರುಗಿಸುವುದು ಬರಿಗೈಯಲ್ಲಿ ಆಗದವು. ಇಕ್ಕಳದ ಎರಡು ತುಟಿಗಳು ಬೆಳಕು ಕಾಣದಂತೆ ಕೂಡಬೇಕು, ಅಡ್ಡಕ್ಕೆ ಅಲುಗಾಡಬಾರದು, ಗಟ್ಟಿಯಾಗಿ ಒತ್ತಿದಾಗ ಹಿಡಿಯ ಅಂಚು ಅಂಗೈಯನ್ನು ಕೊರೆಯಬಾರದು. ಅಂಗಡಿಯಲ್ಲೇ ಒಂದು ತಂತಿ ತುಂಡರಿಸಿ ನೋಡಿದರೆ ಅರ್ಧ ಸಂಶಯ ಪರಿಹಾರವಾಗುತ್ತದೆ.

ಎರಡನೆಯದಾಗಿ ಗರಗಸ. ಏಳೆಂಟು ಸೆಂಟಿಮೀಟರಿನ ಸ್ವಿಸ್ ಗರಗಸ ಹೆಬ್ಬೆರಳಿಗಿಂತ ದಪ್ಪನೆಯ ಕೊಂಬೆಯನ್ನು ಸಲೀಸಾಗಿ ಕುಯ್ಯುತ್ತದೆ. ಅದೇ ಕೆಲಸವನ್ನು ಅಲಗಿನಿಂದ ಮಾಡಲು ಹೋದರೆ ಬಲವೂ ಹಾಳು, ಅಲಗೂ ಹಾಳು. ಮೂರನೆಯದು ಸಾಧನಗಳು ತೆರೆದಾಗ ಲಾಕ್ ಆಗುವುದು. ಲೆದರ್‌ಮನ್ ಕಂಪನಿಯ 1998ರ ‘ವೇವ್’ ಮಾದರಿಯಲ್ಲಿ ಮುಖ್ಯ ಅಲಗುಗಳು ಹೊರಬದಿಗೇ ಬಂದವು. ಇಕ್ಕಳವನ್ನು ಬಿಡಿಸದೆ ಒಂದೇ ಕೈಯಲ್ಲಿ ಚಾಕು ತೆರೆಯಬಹುದಾಯಿತು. ಅದರ ಈಗಿನ ರೂಪದ ತೂಕ ಸುಮಾರು 240 ಗ್ರಾಂ. ಜೇಬಿಗೆ ಇದು ಭಾರ, ಚೀಲಕ್ಕೆ ಅಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಲ್ಟಿಟೂಲಿನ ಹಿಡಿ ಬರಿ ಲೋಹ. ವಿದ್ಯುತ್ ಕೆಲಸದವರ ಇಕ್ಕಳಕ್ಕಿರುವ ರಬ್ಬರಿನ ಕವಚ ಇದಕ್ಕಿಲ್ಲ. ಗಾಳಿಮಳೆಯಲ್ಲಿ ಹರಿದುಬಿದ್ದ ತಂತಿಯ ಬಳಿ ಇದನ್ನು ಒಯ್ಯಲೇಬಾರದು.

ಒಂದನ್ನೇ ಕೊಳ್ಳಲು ಸಾಧ್ಯವಿರುವ ನಗರವಾಸಿಗೆ ಮಲ್ಟಿಟೂಲ್ ಸರಿ. ಫ್ಲ್ಯಾಟಿನಲ್ಲಿ, ಕಾರಿನಲ್ಲಿ ಕೈಕೊಡುವುದು ಹೆಚ್ಚಾಗಿ ನಟ್ಟು, ತಂತಿ, ಬೀಗಗಳೇ. ಚಾರಣಿಗರಿಗೆ ಸ್ಥಿರ ಅಲಗು ಮೊದಲು. ಎರಡೂ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಭೂಕಂಪಕ್ಕೆ ಮಾತ್ರ ಇವೆರಡೂ ಸಾಲವು. 1995ರ ಜನವರಿಯಲ್ಲಿ ಜಪಾನಿನ ಕೋಬೆಯಲ್ಲಿ ಅವಶೇಷಗಳಡಿ ಸಿಕ್ಕವರಲ್ಲಿ ಬಹುಪಾಲು ಜನರನ್ನು ಹೊರತೆಗೆದವರು ಮನೆಯವರು ಮತ್ತು ನೆರೆಹೊರೆಯವರು. ಅಂಥಲ್ಲಿ ಬೇಕಾದ್ದು ಹಾರೆ, ಗರಗಸ, ಕಾರಿನ ಜಾಕು.

ಚಾಕು ಮಾಡಬಾರದ ಕೆಲಸ

ಗಾಯಾಳುವಿನ ಬಟ್ಟೆ ಕತ್ತರಿಸಲು ಆಂಬುಲೆನ್ಸಿನವರು ಬಳಸುವ, ಕೆಳತುದಿ ಮೊಂಡಾಗಿರುವ ಬಾಗಿದ ಕತ್ತರಿಯನ್ನೇ ಬಳಸಬೇಕು. ಬೆಲೆ ಕಡಿಮೆ, ಚರ್ಮಕ್ಕೆ ಪೆಟ್ಟಾಗುವುದಿಲ್ಲ. ಹಾವು ಕಚ್ಚಿದ ಜಾಗವನ್ನು ಕೊಯ್ದು ವಿಷ ಹೀರುವ ಪದ್ಧತಿಯನ್ನು ವೈದ್ಯಶಾಸ್ತ್ರ ಪೂರ್ತಿಯಾಗಿ ಕೈಬಿಟ್ಟಿದೆ. ಹಿಂದೆ ಇದಕ್ಕೆಂದೇ ಬ್ಲೇಡು ಇಟ್ಟ ಪೆಟ್ಟಿಗೆಗಳು ಮಾರಾಟವಾಗುತ್ತಿದ್ದವು. ಕೊಯ್ದರೆ ರಕ್ತಸ್ರಾವ, ನಂಜು ಹೆಚ್ಚುತ್ತವೆ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯುವುದೇ ದಾರಿ. ಕೆಲವು ಮಡಚು ಚಾಕುಗಳ ಹಿಂಬದಿಯಲ್ಲಿರುವ ಗಾಜು ಒಡೆಯುವ ಮೊನೆ ಕಾರಿನ ಪಕ್ಕದ ಗಾಜಿಗೆ ಕೆಲಸ ಮಾಡುತ್ತದೆ, ನಡುವೆ ಪ್ಲಾಸ್ಟಿಕ್ ಪದರವಿರುವ ಮುಂದಿನ ಗಾಜಿಗೆ ಅಲ್ಲ.

ಆರೈಕೆ

ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಇಡಬೇಕು. ಚರ್ಮದ ಒರೆ ತೇವ ಹಿಡಿಯುವುದರಿಂದ ದೀರ್ಘಕಾಲ ಅದರಲ್ಲಿಟ್ಟ ಅಲಗಿಗೆ ಕಲೆ ಬೀಳುತ್ತದೆ. ಪ್ಲಾಸ್ಟಿಕ್ ಒರೆ ಮೇಲು. ಕೀಲುಗಳಿಗೆ ಒಂದೊಂದು ತೊಟ್ಟು ಎಣ್ಣೆ, ಜೊತೆಗೆ ಬೆರಳುದ್ದದ ಸಾಣೆಕಲ್ಲು ಇರಲಿ. ಮಳೆಗಾಲದ ಮುಂಚೆ ಚೀಲ ಬಿಚ್ಚಿ ಪ್ರತಿಯೊಂದು ಅಲಗನ್ನೂ ತೆರೆದು ನೋಡುವುದು ಒಳ್ಳೆಯದು. ಮನೆಯ ಎಲ್ಲರೂ ಆ ಹೊತ್ತಿಗೆ ಒಮ್ಮೆ ಹಗ್ಗ ಕತ್ತರಿಸಿ, ಡಬ್ಬಿ ತೆರೆದು ಅಭ್ಯಾಸ ಮಾಡಿಕೊಳ್ಳಬಹುದು.

ಕಾನೂನು

ಭಾರತದ 1959ರ ಆಯುಧ ಕಾಯ್ದೆಯಡಿಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚಾಕುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದು ಮಾಡಿದವು ಇದಕ್ಕೆ ಹೊರತು. ಇಂಥ ಆಯುಧಗಳಿಗೆ ಪರವಾನಗಿ ಬೇಕಾಗುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಮಾತ್ರ. ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ಚಾಕುಗಳನ್ನು ಪೊಲೀಸರು ಎಲ್ಲೆಡೆ ಸಂಶಯದಿಂದಲೇ ನೋಡುತ್ತಾರೆ; ತುರ್ತು ಚೀಲಕ್ಕೆ ಅವುಗಳ ಅಗತ್ಯವೂ ಇಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿನ ನಿಯಮ ನೋಡಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ಸಕಾರಣವಿಲ್ಲದೆ ಒಯ್ಯಬಹುದಾದ್ದು ಲಾಕ್ ಇಲ್ಲದ, 3 ಇಂಚು ಮೀರದ ಮಡಚು ಚಾಕು ಒಂದೇ. ಲಾಕ್ ಇರುವ ಮಲ್ಟಿಟೂಲ್ ಆ ವಿನಾಯಿತಿಗೆ ಸೇರುವುದಿಲ್ಲ. ಜಪಾನಿನಲ್ಲಿ 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಕಾರಣವಿಲ್ಲದೆ ಒಯ್ಯುವಂತಿಲ್ಲ. ವಿಮಾನ ಪ್ರಯಾಣದಲ್ಲಿ ಚಾಕು, ಮಲ್ಟಿಟೂಲ್ ಎರಡನ್ನೂ ಕೈಚೀಲದಲ್ಲಿ ಇಡದೆ ಚೆಕ್-ಇನ್ ಸಾಮಾನಿನಲ್ಲಿ ಹಾಕಬೇಕು. ಕೀಲಿಗೊಂಚಲಿನಲ್ಲಿ ನೇತುಹಾಕಿ ಮರೆತ ಬೆರಳುದ್ದದ ಸ್ವಿಸ್ ಚಾಕುವನ್ನೂ ಭದ್ರತಾ ತಪಾಸಣೆಯಲ್ಲಿ ಎತ್ತಿಟ್ಟುಕೊಳ್ಳುತ್ತಾರೆ.